ಕಂಬಕ್ಕೆ ಬಡಿದ ಚೆಂಡು: 2010ರ ದಕ್ಷಿಣ ಆಫ್ರಿಕಾ ಮತ್ತು ತವರಿನ ವಿಶ್ವಕಪ್

2010ರ ಜೂನ್ 11, ಜೊಹಾನೆಸ್‌ಬರ್ಗ್‌ನ ಸಾಕರ್ ಸಿಟಿ. ಒಳಗೆ 84 ಸಾವಿರಕ್ಕೂ ಜಾಸ್ತಿ ಜನ. ವುವುಝೆಲಾ ಅನ್ನೋ ತುತ್ತೂರಿಯ ಸದ್ದಿಗೆ ಪಕ್ಕದವರ ಮಾತೂ ಕೇಳಿಸುತ್ತಿಲ್ಲ. ಫುಟ್‌ಬಾಲ್ ವಿಶ್ವಕಪ್‌ನ ಮೊದಲ ಪಂದ್ಯ ಮುಗಿಯುತ್ತಾ ಬಂದಿದೆ. ದಕ್ಷಿಣ ಆಫ್ರಿಕಾ 1, ಮೆಕ್ಸಿಕೊ 1. ಉದ್ದಕ್ಕೆ ಬಂದ ಒಂದು ಚೆಂಡಿನ ಹಿಂದೆ ಓಡಿದ ಕ್ಯಾಟ್ಲೆಗೊ ಮ್ಫೆಲಾ ಗೋಲ್‌ಕೀಪರ್‌ನನ್ನು ದಾಟಿಸಿ ಒದ್ದರು. ಚೆಂಡು ಕಂಬಕ್ಕೆ ಬಡಿದು ಆಚೆ ಹೋಯಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಚೆಂಡು ಒಳಗೆ ಹೋಗಿ, ಗುಂಪಿನ ಉಳಿದ ಪಂದ್ಯಗಳೆಲ್ಲ ಹೇಗೆ ನಡೆದವೋ ಹಾಗೇ ನಡೆದಿದ್ದರೆ, ದಕ್ಷಿಣ ಆಫ್ರಿಕಾ 6 ಅಂಕದೊಂದಿಗೆ ಮುಂದಿನ ಸುತ್ತಿಗೆ ಹೋಗುತ್ತಿತ್ತು. ಮೆಕ್ಸಿಕೊ 3 ಅಂಕಕ್ಕೆ ಮನೆಗೆ ಹೋಗುತ್ತಿತ್ತು. ಆದದ್ದು ಉಲ್ಟಾ. ವಿಶ್ವಕಪ್ ಶುರುವಾದ 1930ರಿಂದ ಮೊದಲ ಸುತ್ತಲ್ಲೇ ಹೊರಬಿದ್ದ ಮೊದಲ ಆತಿಥೇಯ ತಂಡ ಅನ್ನೋ ಹೆಸರು 'ಬಫಾನಾ ಬಫಾನಾ'ಗೆ ಅಂಟಿಕೊಂಡಿತು. ದಕ್ಷಿಣ ಆಫ್ರಿಕಾ ತಂಡದ ಅಡ್ಡಹೆಸರು ಅದು. ಜುಲು ಭಾಷೆಯಲ್ಲಿ 'ಹುಡುಗರು, ಹುಡುಗರು' ಅಂತ ಅರ್ಥ.

ಈ ಪ್ರಕರಣವನ್ನು ಜನ ಎರಡು ರೀತಿ ಹೇಳುತ್ತಾರೆ. ಒಂದು, ಅದೃಷ್ಟ ಕೈಕೊಟ್ಟಿತು. ಇನ್ನೊಂದು, ತಂಡ ಮಾನ ಕಳೆಯಿತು. ನನಗೆ ಎರಡೂ ಒಪ್ಪಿಗೆಯಿಲ್ಲ. ಟೂರ್ನಿಗೆ ಮುಂಚೆ ಈ ತಂಡ ಎಷ್ಟು ದೂರ ಹೋಗಬಹುದು ಅಂತ ಅಳೆದ ತಕ್ಕಡಿಯೇ ಸರಿಯಿರಲಿಲ್ಲ. ಸೋತ ಮೇಲೆ ಬೈದವರು ಹಿಡಿದದ್ದೂ ಅದೇ ತಕ್ಕಡಿ.

ಹಳೆಯ ನೆನಪಿನ ಭಾರ

ದಕ್ಷಿಣ ಆಫ್ರಿಕಾದವರಿಗೆ 'ತವರು ನೆಲ' ಅಂದರೆ ಬರೀ ಮಾತಲ್ಲ. 1996ರಲ್ಲಿ ಕೀನ್ಯಾದಿಂದ ಕೈಬದಲಾಗಿ ಬಂದ ಆಫ್ರಿಕಾ ಕಪ್ಪನ್ನು ಅವರು ತಮ್ಮ ನೆಲದಲ್ಲಿ ನಡೆಸಿದರು, ಗೆದ್ದೂಬಿಟ್ಟರು. ಫೈನಲ್‌ನಲ್ಲಿ ಟುನೀಶಿಯ ವಿರುದ್ಧ 2–0. ಎರಡೂ ಗೋಲು ಮಾರ್ಕ್ ವಿಲಿಯಮ್ಸ್ ಅವರದು. ಕೋಚ್ ಕ್ಲೈವ್ ಬಾರ್ಕರ್. ನಾಯಕ ನೀಲ್ ಟೋವಿ ಕಪ್ ಎತ್ತಿದಾಗ ಪಕ್ಕದಲ್ಲಿ ನೆಲ್ಸನ್ ಮಂಡೇಲಾ. ಹಿಂದಿನ ವರ್ಷವಷ್ಟೇ ರಗ್ಬಿ ವಿಶ್ವಕಪ್ ಕೂಡ ಅಲ್ಲೇ ನಡೆದು ಅವರ ಪಾಲಾಗಿತ್ತು. 'ನಮ್ಮ ಮನೆಯಲ್ಲಿ ಆಡಿದರೆ ನಾವೇ ಗೆಲ್ಲೋದು' ಅಂತ ಒಂದು ತಲೆಮಾರು ನಂಬಿದ್ದರೆ ತಪ್ಪೇನಿದೆ ಹೇಳಿ. 1996ರ ಫೈನಲ್ ನಡೆದ ಕ್ರೀಡಾಂಗಣವನ್ನೇ ಹೊಸದಾಗಿ ಕಟ್ಟಿ ಸಾಕರ್ ಸಿಟಿ ಮಾಡಿದ್ದರು. ಅಂದರೆ ನೆನಪೂ ಅದೇ ಜಾಗದ್ದು.

ಆದರೆ ತಂಡ ಅದೇ ಆಗಿ ಉಳಿದಿರಲಿಲ್ಲ. 1998ರ ವಿಶ್ವಕಪ್‌ನಲ್ಲಿ ಒಂದು ಸೋಲು, ಎರಡು ಡ್ರಾ. 2002ರಲ್ಲಿ ಸ್ಲೊವೇನಿಯ ವಿರುದ್ಧ ಗೆಲುವು, ಪರಗ್ವೆ ಜೊತೆ ಡ್ರಾ, ಸ್ಪೇನ್‌ಗೆ 3–2ರಲ್ಲಿ ಸೋಲು. ಪರಗ್ವೆಯಷ್ಟೇ 4 ಅಂಕ, ಗೋಲು ವ್ಯತ್ಯಾಸವೂ (ಹೊಡೆದದ್ದರಲ್ಲಿ ತಿಂದದ್ದು ಕಳೆದರೆ ಬರುವ ಲೆಕ್ಕ) ಅಷ್ಟೇ. ಪರಗ್ವೆ ಹೊಡೆದದ್ದು 6 ಗೋಲು, ಇವರು 5. ಅಷ್ಟಕ್ಕೇ ಹೊರಗೆ. ಈ 4 ಅಂಕವನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ಇಳಿಜಾರು. 2006ರ ಆಫ್ರಿಕಾ ಕಪ್‌ನಲ್ಲಿ ಮೂರು ಪಂದ್ಯ, ಮೂರೂ ಸೋಲು, ಒಂದೂ ಗೋಲಿಲ್ಲ. ಆ ವರ್ಷದ ವಿಶ್ವಕಪ್‌ಗೆ ಅರ್ಹತೆಯೂ ಸಿಗಲಿಲ್ಲ. 1996ರಲ್ಲಿ ಫಿಫಾ ಪಟ್ಟಿಯಲ್ಲಿ 16ನೇ ಜಾಗಕ್ಕೆ ಏರಿದ್ದ ತಂಡ 2010ರ ಮೇ ಹೊತ್ತಿಗೆ 83ಕ್ಕೆ ಇಳಿದಿತ್ತು.

ಆರು ವರ್ಷ ಟೈಮ್ ಇತ್ತು

ಆತಿಥ್ಯ ಸಿಕ್ಕಿದ್ದು 2004ರ ಮೇ 15ರಂದು, ಝೂರಿಕ್‌ನಲ್ಲಿ. ಮೊರಾಕೊಗೆ 10 ಮತ, ದಕ್ಷಿಣ ಆಫ್ರಿಕಾಗೆ 14. ನಾಲ್ಕು ವರ್ಷ ಹಿಂದೆ 2006ರ ವಿಶ್ವಕಪ್ ಒಂದೇ ಮತದಿಂದ ಜರ್ಮನಿ ಪಾಲಾಗಿತ್ತು. ಆ ನೋವು ಈಗ ತೀರಿತು.

ಕ್ರೀಡಾಂಗಣ ಕಟ್ಟೋದಕ್ಕೆ ಆರು ವರ್ಷ ಬೇಕೇ ಬೇಕು. ತಂಡ ಕಟ್ಟೋದಕ್ಕೂ ಬೇಕು. ಆತಿಥೇಯರಿಗೆ ಸಿಗುವ ದೊಡ್ಡ ಲಾಭ ಜನರ ಕೂಗಲ್ಲ, ಈ ಟೈಮು. ಉಳಿದವರಿಗೆ ಆಡುತ್ತೇವೋ ಇಲ್ಲವೋ ಅನ್ನೋದು ಆರೇಳು ತಿಂಗಳ ಮುಂಚೆ ಗೊತ್ತಾಗುತ್ತದೆ. ಆತಿಥೇಯರಿಗೆ ಆರು ವರ್ಷ ಮುಂಚೆಯೇ ಗೊತ್ತು.

ಆ ಆರು ವರ್ಷ ಹೇಗೆ ಖರ್ಚಾಯಿತು ನೋಡಿ. ಮೊದಲು ಸ್ಟುವರ್ಟ್ ಬ್ಯಾಕ್ಸ್‌ಟರ್. ಆಮೇಲೆ ಟೆಡ್ ಡುಮಿಟ್ರು. ನಡುವೆ ಹಂಗಾಮಿಯಾಗಿ ಪಿಟ್ಸೊ ಮೊಸಿಮಾನೆ. 2007ರಿಂದ ಕಾರ್ಲೊಸ್ ಆಲ್ಬರ್ಟೊ ಪರೇರಾ. 1994ರಲ್ಲಿ ಬ್ರೆಜಿಲ್‌ಗೆ ವಿಶ್ವಕಪ್ ಗೆದ್ದುಕೊಟ್ಟ ಕೋಚ್ ಅವರು. 2008ರ ಏಪ್ರಿಲ್‌ನಲ್ಲಿ ಹೆಂಡತಿಗೆ ಹುಷಾರಿಲ್ಲ ಅಂತ ಬಿಟ್ಟು ಹೋದರು. ಅವರ ಜಾಗಕ್ಕೆ ಇನ್ನೊಬ್ಬ ಬ್ರೆಜಿಲ್‌ನವರು, ಜೋಯೆಲ್ ಸಂಟಾನಾ. ಒಂಬತ್ತು ಪಂದ್ಯಗಳಲ್ಲಿ ಎಂಟು ಸೋತ ಮೇಲೆ 2009ರ ಅಕ್ಟೋಬರ್‌ನಲ್ಲಿ ಸಂಟಾನಾ ಮನೆಗೆ, ಪರೇರಾ ವಾಪಸ್. ಐದು ಜನ, ಆರು ಸರದಿ. ಪರೇರಾ ಮತ್ತೆ ಬಂದಾಗ ವಿಶ್ವಕಪ್‌ಗೆ ಉಳಿದದ್ದು ಎಂಟು ತಿಂಗಳೂ ಇಲ್ಲ.

2002ರ ದಕ್ಷಿಣ ಕೊರಿಯಾವನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಗೂಸ್ ಹಿಡಿಂಕ್ 2001ರ ಶುರುವಿನಲ್ಲಿ ಬಂದರು. ಅದೇ ವರ್ಷ ಫ್ರಾನ್ಸ್ ವಿರುದ್ಧ 5–0, ಚೆಕ್ ಗಣರಾಜ್ಯದ ವಿರುದ್ಧ 5–0 ಸೋತರು. ಆದರೂ ಕೋಚ್ ಉಳಿದರು. ಮರುವರ್ಷ ಕೊರಿಯಾ ಸೆಮಿಫೈನಲ್ ಆಡಿತು. ಹಾಗಂತ ಕೋಚ್ ಬದಲಿಸಿದರೆ ಸೋಲು ಗ್ಯಾರಂಟಿ ಅಂತಲೂ ಅಲ್ಲ. 2024ರ ಶುರುವಿನಲ್ಲಿ ನಡೆದ ಆಫ್ರಿಕಾ ಕಪ್‌ನಲ್ಲಿ ಆತಿಥೇಯ ಐವರಿ ಕೋಸ್ಟ್ ಗುಂಪು ಹಂತದಲ್ಲಿ ಇಕ್ವೆಟೋರಿಯಲ್ ಗಿನಿ ಕೈಲಿ 4–0 ತಿಂದು, ಟೂರ್ನಿಯ ಮಧ್ಯದಲ್ಲೇ ಕೋಚನ್ನು ಕಳಿಸಿತು. ಕೊನೆಗೆ ಕಪ್ ಕೂಡ ಗೆದ್ದಿತು! ಆದರೆ ಅಲ್ಲಿ ಯುರೋಪಿನ ದೊಡ್ಡ ಕ್ಲಬ್‌ಗಳಲ್ಲಿ ಪಳಗಿದ ಆಟಗಾರರು ಸಾಲಾಗಿದ್ದರು. ದಕ್ಷಿಣ ಆಫ್ರಿಕಾದಲ್ಲಿ ಆ ಮಟ್ಟದವರು ಅಂದರೆ ಎವರ್ಟನ್‌ನ ಸ್ಟೀವನ್ ಪೀನಾರ್. ಅವರ ಅಕ್ಕಪಕ್ಕ ಇನ್ನೊಂದಿಬ್ಬರು, ಅಷ್ಟೇ.

ಪುಕ್ಕಟೆ ಟಿಕೆಟ್‌ನ ಬೆಲೆ

ಆತಿಥೇಯರಿಗೆ ಅರ್ಹತಾ ಸುತ್ತು ಇಲ್ಲ. ಕೇಳೋದಕ್ಕೆ ಚೆನ್ನ. ಆದರೆ ನಿಜವಾದ ಒತ್ತಡದ ಪಂದ್ಯಗಳೂ ಇಲ್ಲ ಅಂತ ಅರ್ಥ.

2010ರ ಸಲ ಆಫ್ರಿಕಾದಲ್ಲಿ ಒಂದು ವಿಚಿತ್ರ ಇತ್ತು. ವಿಶ್ವಕಪ್ ಅರ್ಹತಾ ಪಂದ್ಯಗಳೇ ಆಫ್ರಿಕಾ ಕಪ್‌ಗೂ ಅರ್ಹತೆ. ಹಾಗಾಗಿ ವಿಶ್ವಕಪ್ ಜಾಗ ಕೈಲಿದ್ದರೂ ದಕ್ಷಿಣ ಆಫ್ರಿಕಾ ಆ ಪಂದ್ಯಗಳನ್ನು ಆಡಿತು. ನೈಜೀರಿಯಾ, ಸಿಯೆರಾ ಲಿಯೋನ್, ಇಕ್ವೆಟೋರಿಯಲ್ ಗಿನಿ ಇದ್ದ ಗುಂಪಿನಿಂದ ಮುಂದೆ ಬರಲೇ ಇಲ್ಲ. ಸಿಯೆರಾ ಲಿಯೋನ್ ವಿರುದ್ಧವೂ ಸೋತಿತು. 2010ರ ಜನವರಿಯಲ್ಲಿ ಅಂಗೋಲಾದಲ್ಲಿ ಆಫ್ರಿಕಾ ಕಪ್ ನಡೆಯುವಾಗ, ಐದು ತಿಂಗಳಲ್ಲಿ ವಿಶ್ವಕಪ್ ನಡೆಸಬೇಕಾದ ದೇಶ ಟಿವಿ ಮುಂದೆ ಕೂತಿತ್ತು.

ಈ ನಡುವೆ ಸಿಕ್ಕ ಒಂದೇ ಒಂದು ನಿಜವಾದ ಪರೀಕ್ಷೆ 2009ರ ಜೂನ್‌ನ ಕಾನ್ಫೆಡರೇಷನ್ಸ್ ಕಪ್, ಅದೂ ತಮ್ಮ ನೆಲದಲ್ಲೇ. ನನ್ನ ಪ್ರಕಾರ ಈ ಪ್ರಕರಣದ ಉತ್ತರ ಅಲ್ಲೇ ಇತ್ತು. ಇರಾಕ್ ಜೊತೆ 0–0. ನ್ಯೂಜಿಲೆಂಡ್ ವಿರುದ್ಧ 2–0 ಗೆಲುವು. ಸ್ಪೇನ್‌ಗೆ 0–2 ಸೋಲು. ಸೆಮಿಫೈನಲ್‌ನಲ್ಲಿ ಬ್ರೆಜಿಲ್ ಎದುರು 88ನೇ ನಿಮಿಷದವರೆಗೂ ಸಮಸಮ, ಆಗ ಡ್ಯಾನಿ ಆಲ್ವೆಸ್ ಫ್ರೀಕಿಕ್‌ಗೆ 0–1. ಮೂರನೇ ಸ್ಥಾನದ ಪಂದ್ಯದಲ್ಲಿ ಸ್ಪೇನ್‌ಗೆ ಹೆಚ್ಚುವರಿ ಸಮಯದಲ್ಲಿ 2–3. ದೊಡ್ಡವರ ಎದುರು ಎದೆಗುಂದದೆ ನಿಲ್ಲುತ್ತಾರೆ, ಕೊನೆಗೆ ಒಂದು ಗೋಲಿನಲ್ಲಿ ಸೋಲುತ್ತಾರೆ. ಚಿಕ್ಕವರ ಎದುರು ಗೋಲು ಸಿಗೋದೇ ಕಷ್ಟ. ಐದು ಪಂದ್ಯ, ಒಂದು ಗೆಲುವು, ನಾಲ್ಕು ಗೋಲು. ತಂಡ ಇಷ್ಟೇ. ಇದಕ್ಕಿಂತ ಕಡಿಮೆಯೂ ಅಲ್ಲ.

ತಪ್ಪು ತಕ್ಕಡಿ

ಪರೇರಾ ವಾಪಸ್ ಬಂದ ಮೇಲೆ ಚಿತ್ರ ಬದಲಾಯಿತು. ದೇಶದ ಲೀಗ್ ಮಾರ್ಚ್‌ನಲ್ಲೇ ಮುಗಿಯಿತು. ಒಳನಾಡಿನ ಆಟಗಾರರನ್ನು ಬ್ರೆಜಿಲ್‌ಗೆ, ಆಮೇಲೆ ಜರ್ಮನಿಗೆ ಶಿಬಿರಕ್ಕೆ ಕರೆದೊಯ್ದರು. ಓಡೋ ದಮ್ಮು ಬಂತು. ಪಾಸ್ ಹತ್ತಿರ ಹತ್ತಿರವಾಯಿತು. ಒಂದರ ಹಿಂದೊಂದು ಹನ್ನೆರಡು ಪಂದ್ಯ ಸೋಲೇ ಇಲ್ಲ. ಮೇ ತಿಂಗಳಲ್ಲಿ ಥಾಯ್ಲೆಂಡ್ ವಿರುದ್ಧ 4–0, ಬಲ್ಗೇರಿಯ ಜೊತೆ 1–1, ಕೊಲಂಬಿಯ ವಿರುದ್ಧ 2–1, ಗ್ವಾಟೆಮಾಲ ವಿರುದ್ಧ 5–0. ಜೂನ್ 5ರಂದು ಡೆನ್ಮಾರ್ಕ್ ವಿರುದ್ಧ 1–0.

ಊರಲ್ಲೆಲ್ಲ ಹಬ್ಬ. ಶುಕ್ರವಾರ ಬಂತೆಂದರೆ ಕಚೇರಿಗೂ ಹಳದಿ ಜರ್ಸಿ. ಕ್ವಾರ್ಟರ್ ಫೈನಲ್ ಮಾತು ಶುರುವಾಗಿತ್ತು.

ಈಗ ಆ ಪಂದ್ಯಗಳನ್ನು ಇನ್ನೊಮ್ಮೆ ನೋಡಿ. ಕೊಲಂಬಿಯ ಪಂದ್ಯದ ಮೂರು ಗೋಲೂ ಪೆನಾಲ್ಟಿಯಿಂದ ಬಂದವು. ಗ್ವಾಟೆಮಾಲ ಪಂದ್ಯದಲ್ಲೂ ಪೆನಾಲ್ಟಿಗಳ ಸುರಿಮಳೆ. ಆ ಪಂದ್ಯದ ರೆಫರಿ ನೈಜರ್ ದೇಶದ ಇಬ್ರಾಹಿಂ ಶೈಬು. ವಿಶ್ವಕಪ್ ಮುಗಿದು ಎರಡು ವರ್ಷದ ಮೇಲೆ, 2012ರ ಡಿಸೆಂಬರ್‌ನಲ್ಲಿ, ಫಿಫಾ ತನಿಖೆಯ ವಿಷಯ ಹೊರಗೆ ಬಂತು. ಈ ಸ್ನೇಹ ಪಂದ್ಯಗಳಿಗೆ ರೆಫರಿಗಳನ್ನು ಒದಗಿಸಿದ್ದು ಸಿಂಗಪುರದ ವಿಲ್ಸನ್ ರಾಜ್ ಪೆರುಮಾಳ್ ಜೊತೆ ನಂಟಿದ್ದ ಒಂದು ಕಂಪನಿ. ಪೆರುಮಾಳ್ ಪಂದ್ಯ ಫಿಕ್ಸಿಂಗ್‌ಗೆ ಹೆಸರಾದವನು. ಒಂದು ಅಥವಾ ಹೆಚ್ಚು ಪಂದ್ಯ ಫಿಕ್ಸ್ ಆಗಿದ್ದವು ಅನ್ನೋದಕ್ಕೆ ಬಲವಾದ ಸಾಕ್ಷ್ಯ ಇದೆ ಅಂತ ಫಿಫಾ ತೀರ್ಮಾನಕ್ಕೆ ಬಂತು. 2019ರಲ್ಲಿ ಶೈಬು ಮೇಲೆ ಆಜೀವ ನಿಷೇಧ ಹಾಕಿತು. ಆಟಗಾರರ ಕಡೆ ಬೆರಳು ತೋರಿಸಲಿಲ್ಲ. ಅವರು ಸುಮ್ನೆ ಆಡಿದರು, ಗೆದ್ದೆವು ಅಂದುಕೊಂಡರು.

ಇದನ್ನು ಬೆಟ್ಟಿಂಗ್ ದಂಧೆಯ ಕಥೆ ಅಂತಷ್ಟೇ ಓದುತ್ತಾರೆ. ಅದರಿಂದ ತಂಡಕ್ಕಾದ ನಷ್ಟದ ಬಗ್ಗೆ ಮಾತು ಕಡಿಮೆ. ಅಭ್ಯಾಸ ಪಂದ್ಯ ಆಡೋದೇ ನಮ್ಮ ಬಲ ಎಷ್ಟು, ಎಲ್ಲಿ ತೂತಿದೆ ಅಂತ ತಿಳಿಯೋದಕ್ಕೆ. ಆ ತೂಕದ ಕಲ್ಲೇ ಸುಳ್ಳಾದರೆ? ಗ್ವಾಟೆಮಾಲಗೆ 5 ಹೊಡೆದವರಿಗೆ ಗೋಲಿನ ಬರ ಇದೆ ಅಂತ ಯಾರು ನಂಬುತ್ತಾರೆ? ಆ ಕಂಪನಿಯ ರೆಫರಿಯನ್ನು ಬಿಟ್ಟು ಬೇರೆಯವರಿಂದ ಆಡಿಸಿದ ಪಂದ್ಯ ಡೆನ್ಮಾರ್ಕ್ ಜೊತೆಗಿನದು. ಅದರಲ್ಲಿ 1–0. ಗೋಲು ಮ್ಫೆಲಾ ಅವರದೇ. ಆ ತಿಂಗಳ ಪಂದ್ಯಗಳಲ್ಲಿ ನಾನು ನಂಬುವ ಅಳತೆ ಅದೊಂದೇ. ಅದು ಕಾನ್ಫೆಡರೇಷನ್ಸ್ ಕಪ್ ಹೇಳಿದ್ದನ್ನೇ ಹೇಳುತ್ತದೆ: ಬಿಗಿಯಾಗಿ ಆಡುತ್ತಾರೆ, ಗೋಲು ಒಂದೇ.

ಇದೇ ಹೊತ್ತಿಗೆ ದೇಶದ ಪರ ಅತಿ ಹೆಚ್ಚು ಗೋಲು ಹೊಡೆದಿದ್ದ ಬೆನ್ನಿ ಮೆಕಾರ್ಥಿಯನ್ನು 23ರ ಪಟ್ಟಿಯಿಂದ ಬಿಟ್ಟರು. ಮೈತೂಕ ಜಾಸ್ತಿ, ಫಾರ್ಮ್ ಇಲ್ಲ ಅನ್ನೋ ಮಾತಿತ್ತು. ಪರೇರಾ ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ. ಓಡಲಾರದ ಸ್ಟ್ರೈಕರ್‌ನನ್ನು ಇಟ್ಟುಕೊಂಡು ಅವರ ಆಟ ನಡೆಯುತ್ತಿರಲಿಲ್ಲ. ಆದರೆ ಕೊನೆಗಳಿಗೆಯಲ್ಲಿ ಒಂದು ಗೋಲು ಬೇಕಾದಾಗ ಬೆಂಚಿನ ಮೇಲೆ ಯಾರಿದ್ದಾರೆ ಅಂತ ತಿರುಗಿ ನೋಡಿದರೆ ಅಂಥವರು ಯಾರೂ ಇರಲಿಲ್ಲ.

ಡ್ರಾ ಹಾಕಿದ ಗಂಟು

ಯಾರು ಯಾವ ಗುಂಪಿಗೆ ಅಂತ ಚೀಟಿ ಎತ್ತೋದಕ್ಕೂ ಡ್ರಾ ಅಂತಲೇ ಹೆಸರು. ಆಗ ಆತಿಥೇಯರ ಚೀಟಿಯನ್ನು ಬ್ರೆಜಿಲ್, ಸ್ಪೇನ್‌ಗಳ ಜೊತೆ ಮೊದಲ ಪಾತ್ರೆಯಲ್ಲಿ ಇಡುತ್ತಾರೆ. ಅಂದರೆ ಗುಂಪಿನಲ್ಲಿ ಅವರು ಎದುರಾಗೋದಿಲ್ಲ. ಹಾಗಿದ್ದೂ 2009ರ ಡಿಸೆಂಬರ್ 4ರಂದು ಕೇಪ್‌ಟೌನ್‌ನಲ್ಲಿ ಬಂದದ್ದು ಮೆಕ್ಸಿಕೊ, ಉರುಗ್ವೆ, ಫ್ರಾನ್ಸ್. ಎಲ್ಲರ ಕಣ್ಣು ಫ್ರಾನ್ಸ್ ಮೇಲೆ. ಐರ್ಲೆಂಡ್ ವಿರುದ್ಧ ಥಿಯರಿ ಆನ್ರಿ ಕೈತಾಗಿಸಿದ ಗೋಲಿನಿಂದ ಒಳಗೆ ಬಂದವರು ಅವರು. ಆ ಐರ್ಲೆಂಡ್ ಪಂದ್ಯದ ದಿನವೇ ಕೋಸ್ಟ ರಿಕಾವನ್ನು ದಾಟಿ, 32 ತಂಡಗಳಲ್ಲಿ ಕೊನೆಯದಾಗಿ ಒಳಗೆ ಬಂದ ಉರುಗ್ವೆಯನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳಲಿಲ್ಲ. ಆ ಉರುಗ್ವೆ ಟೂರ್ನಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಹೋಯಿತು.

ಎತ್ತರದ ಲಾಭದ ಮಾತೂ ಇತ್ತು. ಜೊಹಾನೆಸ್‌ಬರ್ಗ್ ಸಮುದ್ರಮಟ್ಟದಿಂದ ಸುಮಾರು 1,750 ಮೀಟರ್ ಮೇಲಿದೆ. ತೆಳುಗಾಳಿಯಲ್ಲಿ ಹೊರಗಿನವರಿಗೆ ಏದುಸಿರು ಬರುತ್ತದೆ. ಆದರೆ ಅಲ್ಲಿ ಎದುರಿಗೆ ಬಂದದ್ದು ಯಾರು? 2,200 ಮೀಟರ್‌ಗೂ ಎತ್ತರದ ಮೆಕ್ಸಿಕೊ ನಗರದಲ್ಲಿ ಆಡಿ ಬೆಳೆದವರು. ಮೀನಿಗೆ ಈಜು ಹೇಳಿಕೊಟ್ಟ ಹಾಗಾಯಿತು.

ಮೂರು ಪಂದ್ಯ

ಮೊದಲ ಪಂದ್ಯದ ಬೆಳಗ್ಗೆಯೇ ಕೆಟ್ಟ ಸುದ್ದಿ. ಹಿಂದಿನ ರಾತ್ರಿಯ ಸಂಗೀತ ಕಾರ್ಯಕ್ರಮದಿಂದ ವಾಪಸ್ ಬರುವಾಗ ಮಂಡೇಲಾ ಅವರ ಮರಿಮಗಳು ಕಾರು ಅಪಘಾತದಲ್ಲಿ ತೀರಿಕೊಂಡಿದ್ದಳು. ಮಂಡೇಲಾ ಕ್ರೀಡಾಂಗಣಕ್ಕೆ ಬರಲಿಲ್ಲ.

ಮೊದಲಾರ್ಧದಲ್ಲಿ ಹುಡುಗರ ಕಾಲು ನಡುಗುತ್ತಿತ್ತು. ಮೆಕ್ಸಿಕೊ ಮೂರ್ನಾಲ್ಕು ಸಲ ಹತ್ತಿರ ಬಂತು. ಕಾರ್ಲೊಸ್ ವೇಲಾ ಚೆಂಡನ್ನು ಬಲೆಗೆ ಸೇರಿಸಿಯೂ ಆಗಿತ್ತು, ಆಫ್‌ಸೈಡ್ ಅಂತ ರದ್ದಾಯಿತು. 55ನೇ ನಿಮಿಷದಲ್ಲಿ ಡಿಕ್ಗಕೊಯಿ ಕೊಟ್ಟ ಚೆಂಡು ಸಿಫಿವೆ ಶಬಲಾಲಾ ಅವರ ಎಡಗಾಲಿಗೆ ಬಂತು. ಅಲ್ಲಿಂದ ಗೋಲಿನ ಆಚೆ ಮೂಲೆಯ ಮೇಲ್ತುದಿಗೆ. ಐದು ಜನ ಸಾಲಾಗಿ ನಿಂತು ಕುಣಿದರು. 2010 ಅಂದಾಗ ಇವತ್ತಿಗೂ ಕಣ್ಮುಂದೆ ಬರೋದು ಆ ಗೋಲು. 79ನೇ ನಿಮಿಷದಲ್ಲಿ ಹಿಂಬದಿಯ ಸಾಲು ಒಟ್ಟಿಗೆ ಮುಂದೆ ಸರಿಯಲಿಲ್ಲ. ಮೆಕ್ಸಿಕೊದ ರಫಾಯೆಲ್ ಮಾರ್ಕೆಸ್ ಒಬ್ಬರೇ ನಿಂತಿದ್ದರು. 1–1. ಆಮೇಲೆ ಆ ಕಂಬ.

ಕಂಬವನ್ನು ದೂರುವವರು ವೇಲಾ ಗೋಲನ್ನು ಮರೆಯುತ್ತಾರೆ. ಅದೃಷ್ಟ ಆವತ್ತು ಎರಡೂ ಕಡೆ ಒಂದೊಂದು ಸಲ ಬಂದಿತ್ತು.

ಎರಡನೇ ಪಂದ್ಯ ಜೂನ್ 16, ಪ್ರಿಟೋರಿಯಾ. ಎದುರಿಗೆ ಉರುಗ್ವೆ. ಆ ದಿನ ಅಲ್ಲಿ ಯುವಜನ ದಿನ, 1976ರ ಸೊವೆಟೊ ವಿದ್ಯಾರ್ಥಿ ದಂಗೆಯ ನೆನಪು. ಭಾವನೆಗೆ ಇದಕ್ಕಿಂತ ದೊಡ್ಡ ದಿನ ಇಲ್ಲ. ಆಟದಲ್ಲಿ ಮಾತ್ರ ಏನೂ ಇರಲಿಲ್ಲ. ಡಿಯೇಗೊ ಫೋರ್ಲಾನ್ ದೂರದಿಂದ ಒದ್ದದ್ದು ನಾಯಕ ಆರನ್ ಮೊಕೊಯೆನಾ ಮೈಗೆ ತಾಗಿ ಒಳಗೆ ಹೋಯಿತು. 76ನೇ ನಿಮಿಷದಲ್ಲಿ ಸ್ವಾರೆಸ್‌ರನ್ನು ಬೀಳಿಸಿದ್ದಕ್ಕೆ ಗೋಲ್‌ಕೀಪರ್ ಇಟುಮೆಲೆಂಗ್ ಖುನೆಗೆ ರೆಡ್ ಕಾರ್ಡ್. ಪೆನಾಲ್ಟಿ ಗೋಲು. ಕೊನೇ ಗಳಿಗೆಯಲ್ಲಿ ಇನ್ನೊಂದು. 0–3. ಪಂದ್ಯ ಮುಗಿಯೋದಕ್ಕೆ ಮುಂಚೆಯೇ ಜನ ಎದ್ದು ಹೊರಟರು. ಮನೆಯಂಗಳದ ಬೆಂಬಲ ಅಂದರೆ ಇದೂ ಸೇರಿಯೇ. ಕೂಗಿ ಹುರಿದುಂಬಿಸಿದ ಜನವೇ ಸುಮ್ಮನಾದರೆ ಆ ಮೌನ ಇನ್ನೂ ಭಾರ.

ಮೂರನೇ ಪಂದ್ಯ ಜೂನ್ 22, ಬ್ಲೂಮ್‌ಫಾಂಟೈನ್. ಎದುರಿಗೆ ಬಂದ ಫ್ರಾನ್ಸ್ ತಂಡವೇ ಆಗಿರಲಿಲ್ಲ. ನಿಕೊಲಾ ಅನೆಲ್ಕಾ ಅವರನ್ನು ವಾಪಸ್ ಕಳಿಸಿದ್ದರು, ಅದಕ್ಕೆ ಆಟಗಾರರು ಅಭ್ಯಾಸವನ್ನೇ ಬಹಿಷ್ಕರಿಸಿದ್ದರು. 20ನೇ ನಿಮಿಷಕ್ಕೆ ಬೊಂಗಾನಿ ಖುಮಾಲೊ ಹೆಡ್ ಮಾಡಿ 1–0. 25ಕ್ಕೆ ಯೋವಾನ್ ಗುರ್ಕಫ್‌ಗೆ ರೆಡ್ ಕಾರ್ಡ್. 37ಕ್ಕೆ ಮ್ಫೆಲಾ 2–0. ಅದೇ ಹೊತ್ತಿಗೆ ರಸ್ಟನ್‌ಬರ್ಗ್‌ನಲ್ಲಿ ಸ್ವಾರೆಸ್ ಗೋಲಿನಿಂದ ಉರುಗ್ವೆ ಮೆಕ್ಸಿಕೊಗಿಂತ 1–0 ಮುಂದೆ. ಲೆಕ್ಕ ಸುಲಭ. ಇನ್ನೆರಡು ಗೋಲು ಹೊಡೆದರೆ ಮೆಕ್ಸಿಕೊವನ್ನು ಹಿಂದೆ ಹಾಕಬಹುದು. 45 ನಿಮಿಷ ಬಾಕಿ, ಎದುರಿಗೆ ಹತ್ತೇ ಜನ, ಅವರಲ್ಲೂ ಒಗ್ಗಟ್ಟಿಲ್ಲ.

ಎರಡು ಗೋಲು ಬರಲಿಲ್ಲ. ಮ್ಫೆಲಾ ಒದ್ದ ಇನ್ನೊಂದು ಚೆಂಡು ಮತ್ತೆ ಕಂಬಕ್ಕೆ. 70ನೇ ನಿಮಿಷದಲ್ಲಿ ಫ್ಲೋರಾಂ ಮಲೂಡಾ ಒಂದನ್ನು ತಿರುಗಿಸಿದರು. 2–1. ಪರೇರಾ ಅವರಿಗೆ ಇದು ಆರನೇ ವಿಶ್ವಕಪ್. ಬ್ರೆಜಿಲ್ ಬಿಟ್ಟು ಬೇರೆ ತಂಡದ ಜೊತೆ ವಿಶ್ವಕಪ್‌ನಲ್ಲಿ ಗೆದ್ದದ್ದು ಇದೇ ಮೊದಲು. ಕೈಕುಲುಕಲು ಹೋದರೆ ಫ್ರಾನ್ಸ್ ಕೋಚ್ ರೇಮಾಂ ಡೊಮೆನೆಕ್ ಕೈ ಕೊಡಲಿಲ್ಲ.

ಉರುಗ್ವೆ 7, ಮೆಕ್ಸಿಕೊ 4, ದಕ್ಷಿಣ ಆಫ್ರಿಕಾ 4, ಫ್ರಾನ್ಸ್ 1. ಗೋಲು ವ್ಯತ್ಯಾಸದಲ್ಲಿ ಮೆಕ್ಸಿಕೊ +1, ದಕ್ಷಿಣ ಆಫ್ರಿಕಾ –2. 2002ರಲ್ಲಿ ಹೊರಬಿದ್ದದ್ದೂ 4 ಅಂಕಕ್ಕೇ.

ಸೋಲು ಎಲ್ಲಿ ನಡೆಯಿತು

ಪ್ರಿಟೋರಿಯಾದ 0–3 ಎಲ್ಲವನ್ನೂ ಹಾಳು ಮಾಡಿತು ಅನ್ನೋದು ಸಾಮಾನ್ಯ ಮಾತು. ಲೆಕ್ಕ ಹಾಕಿ ನೋಡಿ. ಆವತ್ತು 0–1ಕ್ಕೆ ಸೋತಿದ್ದರೂ ಕೊನೆಗೆ ವ್ಯತ್ಯಾಸ 0 ಆಗುತ್ತಿತ್ತು, ಮೆಕ್ಸಿಕೊ ಆಗಲೂ ಒಂದು ಮುಂದೆ. ಖುನೆಯ ರೆಡ್ ಕಾರ್ಡ್ ಇಲ್ಲದಿದ್ದರೂ ಹೊರಗೇ. ಹಾಗಾಗಿ ರೆಫರಿಯನ್ನು ಬೈದು ಪ್ರಯೋಜನ ಇಲ್ಲ. ಕೊರತೆ ಇದ್ದದ್ದು ಹೊಡೆದ ಗೋಲಿನಲ್ಲಿ. ಮೂರು ಪಂದ್ಯಕ್ಕೆ ಮೂರು. ಅದರಲ್ಲಿ ಎರಡು ಒಡೆದುಹೋದ ಫ್ರಾನ್ಸ್ ವಿರುದ್ಧ.

ಆತಿಥೇಯರು ಯಾರೂ ಮೊದಲ ಸುತ್ತಲ್ಲಿ ಬಿದ್ದಿರಲಿಲ್ಲ ಅನ್ನೋ 80 ವರ್ಷದ ದಾಖಲೆ ಇನ್ನೊಂದು ತಪ್ಪು ತಕ್ಕಡಿ. ಅಲ್ಲಿವರೆಗಿನ ಆತಿಥೇಯರಲ್ಲಿ ಯಾರ್ಯಾರಿದ್ದರು? ಉರುಗ್ವೆ, ಇಟಲಿ, ಬ್ರೆಜಿಲ್, ಇಂಗ್ಲೆಂಡ್, ಜರ್ಮನಿ, ಅರ್ಜೆಂಟೀನಾ, ಫ್ರಾನ್ಸ್. ಹೆಚ್ಚಿನವರು ಬೇರೆ ಕಡೆ ಆಡಿದರೂ ಮೊದಲ ಸುತ್ತು ದಾಟುವವರೇ. ನೆಲ ಅವರನ್ನು ಗೆಲ್ಲಿಸಿತೋ, ಗೆಲ್ಲುವವರಿಗೆ ಆ ನೆಲ ಸಿಕ್ಕಿತೋ? 2022ರಲ್ಲಿ ಕತಾರ್ ಮೂರಕ್ಕೆ ಮೂರೂ ಸೋತಾಗ ಆ ದಾಖಲೆಯ ಮಾತು ನಿಂತಿತು. ಇನ್ನೊಂದು ಕಡೆ, 2018ರಲ್ಲಿ 70ನೇ ಸ್ಥಾನದಲ್ಲಿದ್ದ ರಷ್ಯಾ ಕ್ವಾರ್ಟರ್ ಫೈನಲ್‌ವರೆಗೆ ಹೋಯಿತು.

83ನೇ ಸ್ಥಾನದ ತಂಡ, 9ನೇ ಸ್ಥಾನದ ಫ್ರಾನ್ಸನ್ನು ಸೋಲಿಸಿ, 17ರ ಮೆಕ್ಸಿಕೊ ಜೊತೆ ಸಮ ಮಾಡಿ, 16ರ ಉರುಗ್ವೆಗೆ ಮಾತ್ರ ಸೋತಿತು. ಇದು ಮಾನ ಕಳೆದ ತಂಡದ ಲೆಕ್ಕ ಅಲ್ಲ. ಆ ತಂಡಕ್ಕೆ ಏನು ಆಗುತ್ತಿತ್ತೋ ಅದರ ಗಡಿವರೆಗೆ ತವರು ನೆಲ ತಳ್ಳಿಕೊಂಡು ಹೋಗಿತ್ತು. ಅದಕ್ಕಿಂತ ಮುಂದೆ ಹೋಗಲು ಬೇಕಿದ್ದ ಸ್ಟ್ರೈಕರ್ ಜೂನ್ ತಿಂಗಳಲ್ಲಿ ಹುಟ್ಟುವವನಲ್ಲ. 2004ರಲ್ಲಿ ಹನ್ನೆರಡು–ಹದಿಮೂರು ವರ್ಷದವನಾಗಿ ಯಾವುದೋ ಟೌನ್‌ಶಿಪ್‌ನಲ್ಲಿ ಆಡುತ್ತಿರಬೇಕಿತ್ತು, ಯಾರಾದರೂ ನೋಡಿರಬೇಕಿತ್ತು.

ಆಮೇಲೆ ಬಹಳ ವರ್ಷ ತಂಡ ವಿಶ್ವಕಪ್ ಮುಖ ನೋಡಲಿಲ್ಲ. 2013ರಲ್ಲಿ ಆಫ್ರಿಕಾ ಕಪ್ ಮತ್ತೆ ತವರಿಗೆ ಬಂದಾಗಲೂ ಕ್ವಾರ್ಟರ್ ಫೈನಲ್‌ನಲ್ಲಿ ಮಾಲಿಗೆ ಪೆನಾಲ್ಟಿಯಲ್ಲಿ ಸೋಲು. 2021ರಲ್ಲಿ ಬೆಲ್ಜಿಯಂನ ಹ್ಯೂಗೊ ಬ್ರೂಸ್ ಕೋಚ್ ಆದರು. ಈ ಸಲ ಅವರನ್ನು ಬದಲಿಸಲಿಲ್ಲ. ಒಳನಾಡಿನ ಲೀಗ್‌ನ ಆಟಗಾರರನ್ನೇ ನೆಚ್ಚಿಕೊಂಡು 2024ರಲ್ಲಿ ಆಫ್ರಿಕಾ ಕಪ್‌ನ ಮೂರನೇ ಸ್ಥಾನ ತಂದರು. 2025ರ ಅಕ್ಟೋಬರ್‌ನಲ್ಲಿ ರುವಾಂಡ ವಿರುದ್ಧ 3–0 ಗೆದ್ದು ವಿಶ್ವಕಪ್‌ಗೆ ಅರ್ಹತೆ ಪಡೆದರು, ಪುಕ್ಕಟೆ ಟಿಕೆಟ್ ಇಲ್ಲದೆ.

ಡಿಸೆಂಬರ್‌ನಲ್ಲಿ ಡ್ರಾ ಎತ್ತಿದಾಗ 2026ರ ಉದ್ಘಾಟನಾ ಪಂದ್ಯ ಯಾರ್ಯಾರದು ಅಂತ ಗೊತ್ತಾಯಿತು. ಮತ್ತೆ ಜೂನ್ 11. ಮತ್ತೆ ಮೆಕ್ಸಿಕೊ ಮತ್ತು ದಕ್ಷಿಣ ಆಫ್ರಿಕಾ. ಮನೆ ಮಾತ್ರ ಈ ಸಲ ಮೆಕ್ಸಿಕೊದವರದು.